ಕಕ್ಕಡದ ಮಳೆ, ಸ್ವೆಟರ್ ತೋಳು, ವಾರ್ಡಿನ ಸಿಂಕ್

ಜುಲೈ 22, 2025, ಮಂಗಳವಾರ
ದಕ್ಷಿಣ ಕೊಡಗು

ಕಕ್ಕಡ, ಅಂದರೆ ಕೊಡವರ ಮಳೆಗಾಲದ ತಿಂಗಳು. ಬೆಳಿಗ್ಗೆಯಿಂದ ಬಿಟ್ಟೂ ಬಿಡದ ಮಳೆ. ನಲ್ಲಿ ನೀರು ಮುಟ್ಟಿದರೆ ಬೆರಳು ಮರಗಟ್ಟುತ್ತದೆ. ಇಂಥ ದಿನವೂ ಎಲ್ಲರಿಗೂ ಕೈ ತೊಳೆಯಿರಿ ಎಂದು ಹೇಳಿಕೊಂಡು ಓಡಾಡುವುದೇ ನನ್ನ ಕೆಲಸ. ಸೋಂಕು ನಿಯಂತ್ರಣದ ನರ್ಸ್ ಅಲ್ವಾ!

ಮೇ 5ರ ಕೈ ಸ್ವಚ್ಛತೆ ದಿನಕ್ಕೆ ಭಾಷಣ, ರಂಗೋಲಿ, ಪೋಸ್ಟರ್ ಎಲ್ಲ ಆಗಿತ್ತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಐದು ಸಂದರ್ಭಗಳು ನಮ್ಮವರಿಗೆ ಬಾಯಿಪಾಠ. ರೋಗಿಯನ್ನು ಮುಟ್ಟುವ ಮೊದಲು, ಮುಟ್ಟಿದ ಮೇಲೆ, ಇಂಜೆಕ್ಷನ್, ಡ್ರೆಸ್ಸಿಂಗಿಗೆ ಮೊದಲು, ರಕ್ತ, ಮೂತ್ರ ತಾಗಿದ ಮೇಲೆ, ರೋಗಿಯ ಮಂಚ, ಲಾಕರ್ ಮುಟ್ಟಿದ ಮೇಲೂ. ಇಷ್ಟು ಗೊತ್ತಿದ್ದವರಿಗೆ ಇನ್ನೊಂದು ತರಬೇತಿ ಇಡೋಣ ಎಂದು ಮೀಟಿಂಗಿನಲ್ಲಿ ಯಾರಾದರೂ ಅಂದರೆ ನನಗೆ ಸಿಟ್ಟೇ ಬರುತ್ತದೆ.

ಇವತ್ತು ಯಾರು ಕೈ ತೊಳೆದರು ಎಂದು ಲೆಕ್ಕ ಬರೆಯುವ ಫೈಲ್ ಹಿಡಿಯದೆ ವಾರ್ಡಿನ ಮೂಲೆಯಲ್ಲಿ ಸುಮ್ನೆ ಕೂತೆ. ಫೈಲ್ ಕಂಡರೆ ಎಲ್ಲರ ಕೈಯೂ ಹ್ಯಾಂಡ್‌ರಬ್ (ನೀರಿಲ್ಲದೆ ಕೈಗೆ ಉಜ್ಜುವ ಆಲ್ಕೋಹಾಲ್ ದ್ರಾವಣ) ಬಾಟಲಿ ಕಡೆ ಹೋಗುತ್ತದೆ, ಆ ಲೆಕ್ಕವನ್ನು ನಂಬುವಂತಿಲ್ಲ. ಮೊದಲು ಕಣ್ಣಿಗೆ ಬಿದ್ದದ್ದು ಸ್ವೆಟರ್. ಚಳಿಗೆ ಎಲ್ಲರೂ ಹಾಕಿದ್ದಾರೆ, ತೋಳು ಅಂಗೈವರೆಗೆ ಇಳಿದಿದೆ. ಸರಿಯಾಗಿ ತೊಳೆದರೆ ತೋಳು ಒದ್ದೆ, ಆಮೇಲೆ ಡ್ಯೂಟಿ ಮುಗಿಯುವ ತನಕ ನಡುಕ. ಹಾಗಾಗಿ ಬೆರಳ ತುದಿ ಮಾತ್ರ ನೀರಿಗೆ. ಸಿಂಕ್ ಪಕ್ಕದ ಟವೆಲ್ ಒಣಗುವ ಮಾತೇ ಇಲ್ಲ, ಮುಗ್ಗಲು ವಾಸನೆ ಬೇರೆ. ಅದಕ್ಕೆ ಕೈ ಒರೆಸಿದರೆ ನೀರಲ್ಲಿ ಹೋಮ ಮಾಡಿದ ಹಾಗೆ. ಸೋಪಿನ ಡಬ್ಬಿಯಲ್ಲಿ ನೀರು ನಿಂತು ಸೋಪು ಲೊಳಲೊಳ.

ರೌಂಡ್ಸ್ ಕೂಡ ನೋಡಿದೆ. ಮುಂದೆ ನಡೆಯುವ ಡಾಕ್ಟರು ರಬ್ ಹಾಕಿಕೊಂಡರೆ ಹಿಂದಿನ ಸಾಲೂ ಹಾಕಿಕೊಳ್ಳುತ್ತದೆ. ಅವರು ಬಿಟ್ಟರೆ ಎಲ್ಲರೂ ಬಿಟ್ಟರು. 1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಸೆಮ್ಮೆಲ್ವೈಸ್ ಎಂಬ ವೈದ್ಯ ಕ್ಲೋರಿನ್ ನೀರಲ್ಲಿ ಕೈ ತೊಳೆಸಿ ಬಾಣಂತಿಯರ ಸಾವು ಇಳಿಸಿದಾಗಲೂ ಅಡ್ಡ ನಿಂತವರು ದೊಡ್ಡ ಡಾಕ್ಟರುಗಳೇ.

ಮಧ್ಯಾಹ್ನ ಆಯಾ ಕೆಲಸದ ಅಕ್ಕನೊಬ್ಬರು ಕೈ ತೋರಿಸಿದರು. ಬೆರಳ ಸಂದಿಯಲ್ಲಿ ಚರ್ಮ ಒಡೆದು ಕೆಂಪಾಗಿದೆ. "ಸಿಸ್ಟರ್, ಆ ಬಾಟಲಿದು ಹಾಕಿದರೆ ಉರಿ ತಡೆಯಕ್ಕಾಗಲ್ಲ. ಗ್ಲೌಸ್ ಹಾಕಿದರೆ ಸಾಲದಾ?" ಎಂದರು. ಸಾಲದು ಅಕ್ಕ, ಗ್ಲೌಸ್ ತೆಗೆಯುವಾಗಲೇ ಕೈಗೆ ಹತ್ತಿಕೊಳ್ಳುತ್ತದೆ ಎಂದೆ. ಪದೇ ಪದೇ ಸೋಪು ಹಾಕಿದರೆ ಚರ್ಮ ಒಣಗುವುದು ಜಾಸ್ತಿ, ಗ್ಲಿಸರಿನ್ ಇರುವ ರಬ್ ಅಷ್ಟು ಒಣಗಿಸುವುದಿಲ್ಲ. ಉರಿ ಬರುವುದು ಮೊದಲೇ ಒಡೆದ ಚರ್ಮಕ್ಕೆ. ಕೊಳೆ ಕಾಣದ ಒಣ ಕೈಗೆ ರಬ್ ಸಾಕು, 20ರಿಂದ 30 ಸೆಕೆಂಡ್ ಉಜ್ಜಬೇಕು. ರಕ್ತ, ಮಲ ತಾಗಿದರೆ, ಭೇದಿಯ ರೋಗಿಯಾದರೆ ಸೋಪು ನೀರೇ ಬೇಕು, 40ರಿಂದ 60 ಸೆಕೆಂಡ್. ಇಷ್ಟು ಹೇಳಿ ನನ್ನ ಬ್ಯಾಗಿನ ಕ್ರೀಮ್ ಕೊಟ್ಟೆ. ಎಲ್ಲರಿಗೂ ಕೊಡಬೇಕಾದದ್ದು ಆಸ್ಪತ್ರೆ, ನಾನಲ್ಲ.

ಸಂಜೆ ಸ್ಟೋರಿಗೆ ಇಂಡೆಂಟ್ (ಬೇಕಾದ ಸಾಮಾನಿನ ಬೇಡಿಕೆ ಪಟ್ಟಿ) ಬರೆದೆ. ಟಿಶ್ಯೂ, ಲಿಕ್ವಿಡ್ ಸೋಪು, ಹ್ಯಾಂಡ್ ಕ್ರೀಮ್, ಪ್ರತಿ ಮಂಚಕ್ಕೂ ರಬ್ ಬಾಟಲಿಯ ಸ್ಟ್ಯಾಂಡ್. "ಟಿಶ್ಯೂ ಖರ್ಚು ಜಾಸ್ತಿ ಆಯ್ತಲ್ವಾ ಮೇಡಂ?" ಅಂತ ಸ್ಟೋರಿನವರು ಕೇಳಿದರು. ಹೊಲಿಗೆ ಕೀವಾಗಿ ರೋಗಿ ಇನ್ನೊಂದು ವಾರ ಮಲಗಿದರೆ ಎಷ್ಟಾಗುತ್ತೆ ಅಂತ ನಾನೂ ಕೇಳಿದೆ. ಸಹಿಗೆ ಗುರುವಾರ ಮೇಲಿನವರ ಹತ್ತಿರ ಹೋಗಬೇಕು. ನರ್ಸಿಂಗ್ ಸ್ಟೇಷನ್ನಿಗೆ ಒಂದು ರೂಮ್ ಹೀಟರನ್ನೂ ಸೇರಿಸಿದ್ದೇನೆ. ಅದು ಬಂದರೆ ತೋಳಿಲ್ಲದ ಸ್ವೆಟರ್ ಹಾಕಿ ಎಂದು ಧೈರ್ಯವಾಗಿ ಹೇಳಬಹುದು.