ಹತ್ತು ಮಾತ್ರೆಯ ಚೀಟಿ ನಲವತ್ತಾದಾಗ

ಒಂದು ಸಂಜೆ ಫಾರ್ಮಸಿಸ್ಟ್ ಒಬ್ಬರು ಫೋನ್ ಮಾಡಿ, "ಡಾಕ್ಟರೇ, ಅಲ್ಪ್ರಜೋಲಾಮ್ 40 ಮಾತ್ರೆ ಎಂದು ಬರೆದಿದ್ದೀರಿ. ಒಂದೇ ಸಲಕ್ಕೆ ನೀವು ಇಷ್ಟು ಬರೆಯುವವರಲ್ಲವಲ್ಲ?" ಎಂದು ಕೇಳಿದರು. ಅಲ್ಪ್ರಜೋಲಾಮ್ ಎಂದರೆ ಆತಂಕ ತಗ್ಗಿಸುವ, ಆದರೆ ಚಟ ಹಿಡಿಸಬಲ್ಲ ಮಾತ್ರೆ. ಕ್ಲಿನಿಕ್‌ನಲ್ಲಿ ಉಳಿದಿದ್ದ ಕಾರ್ಬನ್ ಪ್ರತಿ ತೆಗೆದು ನೋಡಿದರೆ ಅದರಲ್ಲಿ 10 ಎಂದಿತ್ತು. ಒಂದರ ಅಂಕಿಗೆ ಯಾರೋ ಒಂದು ಓರೆಗೆರೆ, ಒಂದು ಅಡ್ಡಗೆರೆ ಸೇರಿಸಿದ್ದರು, ಅಷ್ಟೇ. ಸಹಿ ಮಾತ್ರ ನನ್ನದೇ ಆಗಿತ್ತು.

ಅಂದಿನಿಂದ ನಿದ್ರೆ, ಆತಂಕ ಮತ್ತು ತೀವ್ರ ನೋವಿನ ನಿಯಂತ್ರಿತ ಔಷಧಗಳನ್ನು ಬರೆಯುವಾಗ ಮಾತ್ರೆಗಳ ಸಂಖ್ಯೆಯನ್ನು ಅಂಕಿಯಲ್ಲೂ ಅಕ್ಷರದಲ್ಲೂ ನಮೂದಿಸಿ, ಎಷ್ಟು ದಿನಕ್ಕೆಂದು ಸ್ಪಷ್ಟಪಡಿಸಿ, ಉಳಿದ ಖಾಲಿ ಜಾಗಕ್ಕೆ ಗೆರೆ ಎಳೆಯುತ್ತೇನೆ. ಚೀಟಿ ಪುಸ್ತಕಕ್ಕೆ ಕ್ರಮಸಂಖ್ಯೆಯಿದ್ದು, ಅದು ಬೀಗದೊಳಗೇ ಇರುತ್ತದೆ.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡುವುದು, ತುರ್ತಿಗೆ ಒದಗಲೆಂದು ಖಾಲಿ ಚೀಟಿಗಳಿಗೆ ಮೊದಲೇ ಸಹಿ ಹಾಕಿಡುವ ಅಭ್ಯಾಸ. ವಂಚನೆ ಹೊರಗಿನವರಿಂದಲೇ ಆಗಬೇಕೆಂದಿಲ್ಲ. ಕ್ಲಿನಿಕ್‌ನೊಳಗಿನವರ ಕೈಗೂ ಅಂಥ ಚೀಟಿ ಸುಲಭವಾಗಿ ಸಿಗುತ್ತದೆ. ಎಲೆಕ್ಟ್ರಾನಿಕ್ ಚೀಟಿ ಬಳಸುವ ವೈದ್ಯರು ತಮ್ಮ ಪಾಸ್‌ವರ್ಡನ್ನು ಸಹಾಯಕರಿಗೆ ಹೇಳಿಬಿಟ್ಟರೆ ಅದೂ ಸಹಿ ಹಾಕಿದ ಖಾಲಿ ಚೀಟಿಯೇ. ಕ್ಲಿನಿಕ್‌ನಲ್ಲಿ ಇಂಥ ಔಷಧಗಳ ದಾಸ್ತಾನು ಇದ್ದರೆ ಇಬ್ಬರು ಸೇರಿ ಎಣಿಸಿ, ಇಬ್ಬರೂ ರಿಜಿಸ್ಟರಿಗೆ ಸಹಿ ಹಾಕುವುದು ಒಳ್ಳೆಯದು. ಇದರಿಂದ ಪ್ರಾಮಾಣಿಕ ಸಿಬ್ಬಂದಿಗೂ ರಕ್ಷಣೆ ಸಿಗುತ್ತದೆ.

ಫಾರ್ಮಸಿಸ್ಟರಲ್ಲಿ ನನ್ನದೊಂದು ವಿನಂತಿ ಇದೆ. ಅನುಮಾನ ಬಂದಾಗ ಚೀಟಿಯ ಮೇಲೆ ಅಚ್ಚಾದ ನಂಬರಿಗೆ ಕರೆ ಮಾಡದೆ, ನಿಮ್ಮ ಬಳಿ ಮೊದಲೇ ಇರುವ ನಂಬರಿಗೆ ಮಾಡಿ. ನಕಲಿ ಚೀಟಿ ಅಚ್ಚು ಹಾಕಿಸುವವರು ಅದರಲ್ಲಿ ತಮ್ಮವರದೇ ನಂಬರು ಹಾಕಿಸಿರಬಹುದು.

ಆದರೆ ಈ ಎಚ್ಚರಿಕೆ ನೋವಿನಿಂದ ನರಳುವವರ ಮೇಲಿನ ಅಪನಂಬಿಕೆಯಾಗಬಾರದು. ಮಾದಕ ಔಷಧಗಳನ್ನು ನಿಯಂತ್ರಿಸುವ 1961ರ ಅಂತರರಾಷ್ಟ್ರೀಯ ಒಡಂಬಡಿಕೆಯೇ ನೋವು ನೀಗಿಸಲು ಅವು ಅನಿವಾರ್ಯವೆಂದು ಪೀಠಿಕೆಯಲ್ಲಿ ಒಪ್ಪಿಕೊಂಡಿದೆ. ಕ್ಯಾನ್ಸರ್ ರೋಗಿಗೆ ಮಾರ್ಫಿನ್ ಬರೆಯಲು ಹೆದರುವ ವೈದ್ಯರಿಂದ ಯಾವ ವಂಚನೆಯೂ ನಿಲ್ಲುವುದಿಲ್ಲ.

ಆ ಚೀಟಿಯವರು ಮುಂದಿನ ವಾರ ಬಂದರು. ಕಾರ್ಬನ್ ಪ್ರತಿಯನ್ನು ಮೇಜಿನ ಮೇಲಿಟ್ಟು, ದಿನಕ್ಕೆ ಎಷ್ಟು ಮಾತ್ರೆ ನುಂಗುತ್ತಿದ್ದೀರಿ ಎಂದಷ್ಟೇ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು ಅವರು ಹೇಳಿದ ಸಂಖ್ಯೆ ನಾನು ಊಹಿಸಿದ್ದಕ್ಕಿಂತ ದೊಡ್ಡದಾಗಿತ್ತು. ಇಂಥ ಮಾತ್ರೆಯನ್ನು ದಿಢೀರನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು; ಬೈದು ಬರಿಗೈಯಲ್ಲಿ ಕಳುಹಿಸಿದ್ದರೆ ಅವರ ಜೀವಕ್ಕೇ ಅಪಾಯವಿತ್ತು. ಪ್ರಮಾಣವನ್ನು ನಿಧಾನವಾಗಿ ಇಳಿಸುವ ಲೆಕ್ಕವನ್ನು ಇಬ್ಬರೂ ಕೂತು ಹಾಕಿದೆವು. ಮೊದಲ ವಾರಕ್ಕೆ ಸಾಕಾಗುವಷ್ಟನ್ನು ಮಾತ್ರ ಅಂಕಿಯಲ್ಲೂ ಅಕ್ಷರದಲ್ಲೂ ಬರೆದು, ಕೆಳಗೆ ಗೆರೆ ಎಳೆದು ಚೀಟಿ ಕೊಟ್ಟೆ.