ಶರಾವತಿ ಹಿನ್ನೀರು: ವರದಿ, ಪುಸ್ತಕ, ಪಾಡ್‌ಕಾಸ್ಟ್

ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ ನಾನು ವರದಿಗಾರನಾದಾಗ ಸುದ್ದಿ ಹೋಗುತ್ತಿದ್ದುದು ಬಸ್ಸಿನಲ್ಲಿ. ಕೈಬರಹದ ಹಾಳೆ, ಫೋಟೊ ಎಲ್ಲವನ್ನೂ ಒಂದು ಕವರಿಗೆ ಹಾಕಿ ಶಿವಮೊಗ್ಗದ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೆವು. ಸಂಬಳ ಅಂತ ಇರಲಿಲ್ಲ. ಅಚ್ಚಾದ ಸುದ್ದಿಯನ್ನು ಕತ್ತರಿಸಿ, ಅಂಟಿಸಿ, ಅಳತೆ ಹಾಕಿ ಲೆಕ್ಕ ಕಳಿಸಬೇಕು. ಜಾಹೀರಾತು ತಂದರೆ ಅದರ ಕಮಿಷನ್. ತಾಲ್ಲೂಕಿನ ಎಷ್ಟೋ ವರದಿಗಾರರು ಇವತ್ತಿಗೂ ಹೀಗೇ ಬದುಕುತ್ತಿದ್ದಾರೆ. ನಮ್ಮ ಮನೆ ನಡೆದದ್ದು ಒಂದೆಕರೆ ಅಡಿಕೆ ತೋಟ ಮತ್ತು ಹೆಂಡತಿಯ ಹೊಲಿಗೆ ಮಷೀನಿನಿಂದ. ಪತ್ರಕರ್ತರಾಗಬೇಕು ಅಂತ ನನಗೆ ಫೋನ್ ಮಾಡುವ ಹುಡುಗ ಹುಡುಗಿಯರಿಗೆ ಇದನ್ನು ಮೊದಲು ಹೇಳುತ್ತೇನೆ.

ಆದರೂ ಊರು ಬಿಡಲಿಲ್ಲ. ಬಿಡಗೊಡದೇ ಇದ್ದದ್ದು ಹಿನ್ನೀರಿನ ಜನ.

ಶರಾವತಿಗೆ ಅಡ್ಡಲಾಗಿ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಭರ್ತಿಯಾದರೆ ನೀರಿನ ಮಟ್ಟ ಸಮುದ್ರ ಮಟ್ಟದಿಂದ 1819 ಅಡಿ ಅನ್ನುವುದು ನಮ್ಮ ಕಡೆ ಶಾಲೆ ಮಕ್ಕಳಿಗೂ ಬಾಯಿಪಾಠ. ಸುಮಾರು 151 ಟಿಎಂಸಿ ನೀರು. ಅದರ ಕೆಳಗೆ ಊರುಗಳು, ಗದ್ದೆ, ತೋಟ, ದೇವಸ್ಥಾನ. ಆ ನೀರಿನಿಂದ ರಾಜ್ಯಕ್ಕೆ ಕರೆಂಟು ಬಂತು. ಜಾಗ ಬಿಟ್ಟುಕೊಟ್ಟ ಎಷ್ಟೋ ಮನೆಗಳಲ್ಲಿ ಮಾತ್ರ ವರ್ಷಗಟ್ಟಲೆ ಬುಡ್ಡಿ ದೀಪವೇ ಉರಿಯಿತು. ಅವರಲ್ಲಿ ಬಹಳ ಜನರನ್ನು ಕಾಡಿನ ಜಾಗಕ್ಕೆ ಕಳಿಸಿದರು. ಮನೆ ಕಟ್ಟಿದರು, ತೋಟ ಮಾಡಿದರು, ಆದರೆ ದಾಖಲೆಯಲ್ಲಿ ಅದು ಅರಣ್ಯವಾಗಿಯೇ ಉಳಿಯಿತು. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕೇಂದ್ರದ ಒಪ್ಪಿಗೆ ಇಲ್ಲದೆ ರಾಜ್ಯ ಸರ್ಕಾರ ಅಂಥ ಜಾಗವನ್ನು ಬಿಡಿಸಿಕೊಡುವಂತಿಲ್ಲ. ಅಜ್ಜ ಕಳಕೊಂಡ ಜಮೀನಿನ ಬದಲಿಗೆ ಮೊಮ್ಮಗನ ಕೈಯಲ್ಲಿ ಇನ್ನೂ ಪಹಣಿ ಇಲ್ಲ. ಪಹಣಿ ಇಲ್ಲದಿದ್ದರೆ ಬ್ಯಾಂಕಿನಲ್ಲಿ ಸಾಲ ಇಲ್ಲ.

ಇವರು ಪತ್ರಿಕೆಗೆ ಬರುತ್ತಿದ್ದುದು ಪ್ರತಿಭಟನೆಯ ದಿನ ಮಾತ್ರ. ಉಪವಿಭಾಗಾಧಿಕಾರಿ ಕಚೇರಿ ಮುಂದೆ ಧರಣಿ, ಮನವಿ ಸಲ್ಲಿಕೆ, ಮುಖಂಡರ ಹೆಸರು. ನೂರೈವತ್ತು ಪದಕ್ಕೆ ಸುದ್ದಿ ಮುಗಿಯುತ್ತಿತ್ತು. ಧರಣಿಯ ಹಿಂದಿನ ಸಾಲಿನಲ್ಲಿ ಕೂತ ಅಜ್ಜಿಯರು ಹೇಳಿದ್ದು ನನ್ನ ನೋಟ್‌ಬುಕ್ಕಿನಲ್ಲೇ ಉಳಿಯಿತು. ನೋಟ್‌ಬುಕ್ಕುಗಳು ಅಟ್ಟದ ಮೇಲೆ ರಾಶಿಯಾದವು. ಅವುಗಳಿಂದಲೇ ನನ್ನ ಪುಸ್ತಕ ಆಯಿತು.

ಪುಸ್ತಕ ಬಂದಾಗ ಒಬ್ಬ ಅಜ್ಜಿಯ ಮನೆಗೆ ಕೊಟ್ಟುಬರಲು ಹೋದೆ. ಅವರಿಗೆ ಓದಲು ಬಾರದು. ಮೊಮ್ಮಗಳು ಗಟ್ಟಿಯಾಗಿ ಓದಿದಳು. ಪೂರ್ತಿ ಕೇಳಿ ಅಜ್ಜಿ ಅಂದರು, "ಚಂದ ಆಗೈತೆ ತಮ್ಮಾ. ಆದ್ರೆ ಇದು ನಾನು ಹೇಳ್ದಂಗಿಲ್ಲ, ನೀನು ಹೇಳ್ದಂಗೈತೆ."

ನಾನು ಆಡಿಯೊ ಕಡೆ ತಿರುಗಿದ್ದು ಆ ಮಾತಿನಿಂದ. ಒಂದು ಸಣ್ಣ ರೆಕಾರ್ಡರ್ ಕೊಂಡೆ. ಎಡಿಟಿಂಗನ್ನು ಸಮುದಾಯ ರೇಡಿಯೊದ ಗೆಳೆಯನೊಬ್ಬ ಕಲಿಸಿದ.

ಮಲೆನಾಡಿನಲ್ಲಿ ಈ ಕೆಲಸಕ್ಕೆ ಒಂದು ಕಾಲ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಗಡು, ಹೆಂಚಿನ ಮೇಲೆ ಮಳೆ ಹೊಡೆಯುವ ಸದ್ದಿನಲ್ಲಿ ಮಾತೇ ಕೇಳುವುದಿಲ್ಲ. ಸಂಜೆಯಾದರೆ ಜೀರುಂಡೆ. ಹಾಗಾಗಿ ರೆಕಾರ್ಡಿಂಗ್ ಜಾಸ್ತಿ ಆಗುವುದು ಬೇಸಿಗೆಯಲ್ಲಿ. ನೀರು ಇಳಿಯುವುದೂ ಆಗಲೇ, ಅಲ್ವಾ? ಕಪ್ಪಗಾದ ಮರದ ಬೊಡ್ಡೆಗಳು ಮೇಲೆ ಬರುತ್ತವೆ. ನೀರು ಇನ್ನೂ ಕೆಳಗೆ ಹೋದ ವರ್ಷ ಮಡೆನೂರಿನ ಹಳೇ ಅಣೆಕಟ್ಟು ಕಾಣುತ್ತದೆ. ಹಿರೇಭಾಸ್ಕರ ಅಂತಲೂ ಕರೆಯುತ್ತಾರೆ. 1940ರ ದಶಕದಲ್ಲಿ ಕಟ್ಟಿದ್ದು, ಲಿಂಗನಮಕ್ಕಿ ಬಂದಾಗ ಅಣೆಕಟ್ಟೇ ಮುಳುಗಿತು.

ಮನೆಯ ಜಗಲಿಯಲ್ಲಿ ಕೂತರೆ ಹಿರಿಯರು ಸಭೆಯಲ್ಲಿ ಮಾತಾಡಿದಂತೆ ಮಾತಾಡುತ್ತಾರೆ. ಸರ್ಕಾರ, ಪರಿಹಾರ, ಅನ್ಯಾಯ. ಅದನ್ನು ಅವರು ಎಷ್ಟೋ ಸಲ, ಎಷ್ಟೋ ಜನರ ಮುಂದೆ ಹೇಳಿದ್ದಾರೆ. ಅದೇ ಹಿರಿಯರನ್ನು ನೀರಿಳಿದ ಜಾಗಕ್ಕೆ ಕರಕೊಂಡು ಹೋಗಿ ನೋಡಿ. ಮೊದಲು ಸುಮ್ನೆ ನಡೆಯುತ್ತಾರೆ. ಆಮೇಲೆ ಬಾವಿ ಎಲ್ಲಿತ್ತು, ಕೊಟ್ಟಿಗೆ ಯಾವ ಕಡೆ ಇತ್ತು, ಯಾವ ಗದ್ದೆ ಅಣ್ಣನ ಪಾಲಿಗೆ ಹೋಗಿತ್ತು ಅಂತ ಶುರುವಾಗುತ್ತದೆ. ಅತ್ತೆಯ ಜೊತೆಗಿನ ಜಗಳ, ಮಾರಿ ಹಬ್ಬ, ಬಿಟ್ಟುಬಂದ ಎಮ್ಮೆ ಎಲ್ಲವೂ ಬರುತ್ತವೆ. ನಾನು ಪ್ರಶ್ನೆ ಕೇಳುವುದನ್ನೇ ನಿಲ್ಲಿಸುತ್ತೇನೆ. ಮಾತಿನ ನಡುವಿನ ಮೌನವನ್ನೂ ಪೂರ್ತಿ ಕತ್ತರಿಸುವುದಿಲ್ಲ.

ಪ್ರಸಾರಕ್ಕೆ ಮೊದಲು ಪಾಡ್‌ಕಾಸ್ಟಿನ ಕಂತನ್ನು ಅವರ ಮನೆಗೇ ಒಯ್ದು ಕೇಳಿಸುತ್ತೇನೆ. ತೆಗಿ ಅಂದರೆ ತೆಗೆಯುತ್ತೇನೆ. ಒತ್ತುವರಿ ಕೇಸಿನ ಭಯ ಇರುವವರ ಹೆಸರು, ಊರು ಹೇಳುವುದಿಲ್ಲ. ಒಂದು ಕಂತಿನಿಂದ ಯಾರದೋ ತೋಟ ಹೋಗಬಾರದು. ಬೆಂಗಳೂರಿನಿಂದ ಬಂದು ಎರಡು ದಿನದಲ್ಲಿ ಮುಗಿಸಿ ಹೋಗುವವರಿಗೆ ಈ ಲೆಕ್ಕ ತಿಳಿಯುವುದು ಕಷ್ಟ. ನಾನು ನಾಳೆ ಮತ್ತೆ ಅದೇ ಸಂತೆಯಲ್ಲಿ ಅವರನ್ನು ನೋಡಬೇಕು. ಊರಲ್ಲೇ ಉಳಿದ ಪತ್ರಕರ್ತನ ಬೆಲೆ ಇರುವುದು ಇಲ್ಲೇ ಎಂದು ನಾನು ನಂಬಿದ್ದೇನೆ.

ಲಾಂಚಿನ ಕಂತು ನನಗೆ ತುಂಬ ಮುಖ್ಯ. ತುಮರಿ, ಸಿಗಂದೂರು ಕಡೆಯವರಿಗೆ ಸಾಗರಕ್ಕೆ ಬರಲು ಹತ್ತಿರದ ದಾರಿ ಅಂದರೆ ಹಿನ್ನೀರು ದಾಟಿಸುವ ಹೊಳೆಬಾಗಿಲಿನ ಲಾಂಚ್ ಆಗಿತ್ತು. ಸಂಜೆ ಅದು ನಿಂತರೆ ಹೆರಿಗೆ ನೋವು ಬಂದವರಿಗೂ ಸುತ್ತು ದಾರಿಯೇ ಗತಿಯಾಗಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಸುಮಾರು 2.44 ಕಿಲೋಮೀಟರ್ ಉದ್ದದ ಕೇಬಲ್ ಸೇತುವೆ. ಆರು ದಶಕ ಕಾದು ಸಿಕ್ಕ ಸೇತುವೆ ಅದು, ನನಗೆ ನಿಜವಾಗಿ ಸಂತೋಷವಾಗಿದೆ. ಅದಕ್ಕೆ ಮೊದಲೇ ಲಾಂಚಿನ ಎಂಜಿನ್ ಸದ್ದು, ಸಿಬ್ಬಂದಿಯ ಕೂಗು, ದಡದಲ್ಲಿ ಕಾಯುವವರ ಹರಟೆ ಎಲ್ಲ ರೆಕಾರ್ಡ್ ಮಾಡಿ ಇಟ್ಟುಕೊಂಡಿದ್ದೆ.

ಪಾಡ್‌ಕಾಸ್ಟಿನಿಂದ ದುಡ್ಡು ಬರುತ್ತಿಲ್ಲ. ಹಿನ್ನೀರಿನ ಕಡೆ ನೆಟ್‌ವರ್ಕ್ ಕೂಡ ಸರಿಯಿಲ್ಲ. ಹೆಚ್ಚಿನವರು ಆ್ಯಪ್ ತೆರೆಯುವುದಿಲ್ಲ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೈಲು ಕೇಳುತ್ತಾರೆ. ಪೇಟೆಗೆ ಬಂದವರು ಡೌನ್‌ಲೋಡ್ ಮಾಡಿಕೊಂಡು ಹೋಗಿ ಮನೆಮಂದಿಗೆಲ್ಲ ಹಾಕುತ್ತಾರೆ. ವರದಿ ಬರೆಯುವುದನ್ನೂ ನಾನು ಬಿಟ್ಟಿಲ್ಲ. ಧರಣಿ ಇದ್ದ ದಿನ ಧರಣಿಯ ಸುದ್ದಿ ಬರಲೇಬೇಕು.

ಮುಂದಿನ ಕಂತು ಮುಳುಗಡೆಗೆ ಮೊದಲಿನ ಮದುವೆ ಹಾಡುಗಳ ಬಗ್ಗೆ. ನಿಮ್ಮ ಮನೆಯಲ್ಲೂ ಆ ಹಾಡು ಗೊತ್ತಿರುವ ಹಿರಿಯರಿದ್ದರೆ ನನಗಾಗಿ ಕಾಯಬೇಡಿ. ಫ್ಯಾನ್, ಟಿವಿ ಆಫ್ ಮಾಡಿ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಮಡಿಸಿದ ಟವೆಲ್ ಮೇಲಿಟ್ಟು, ಅವರ ಬಾಯಿಂದ ಒಂದು ಗೇಣು ದೂರದಲ್ಲಿ ಇಡಿ. ಮೊದಲು ಅವರ ಹೆಸರು, ಊರು ಹೇಳಿಸಿ. ಆಮೇಲೆ ಹಾಡಲು ಬಿಡಿ.