ಸರ್ವರ್ ಸತ್ತಿರಲಿಲ್ಲ, ಟರ್ಮಿನಲ್‌ಗೆ ತಲೆ ಕೆಟ್ಟಿತ್ತು ಅಷ್ಟೇ

ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಾಡಿದ ಎಡವಟ್ಟು ಇದು. ಡಿಸ್ಕ್ ಎಷ್ಟು ತುಂಬಿದೆ ಅಂತ ತೋರಿಸೋಕೆ ಟರ್ಮಿನಲ್ ಪರದೆಯಲ್ಲಿ (ಕಮಾಂಡ್ ಟೈಪ್ ಮಾಡೋ ಜಾಗ) ಬೇಕಾದ ಕಡೆ ಅಕ್ಷರ ಬರೆಯೋಕೆ ನೆರವಾಗುವ ಕರ್ಸಸ್ ಲೈಬ್ರರಿ ಬಳಸಿ ಒಂದು ಪುಟ್ಟ ಪೈಥಾನ್ ಸ್ಕ್ರಿಪ್ಟ್ ಬರೆದಿದ್ದೆ. ಸರ್ವರ್ ರೂಮಿನಲ್ಲಿ ಕೂತು ನೇರ ಕನ್ಸೋಲಿನಲ್ಲೇ, ಅಂದರೆ ಆ ಲಿನಕ್ಸ್ ಸರ್ವರಿನದೇ ಸ್ಕ್ರೀನ್, ಕೀಬೋರ್ಡಿನ ಟರ್ಮಿನಲ್‌ನಲ್ಲೇ ಓಡಿಸಿದೆ. ಎರಡು ನಿಮಿಷ ಚೆನ್ನಾಗಿಯೇ ಇತ್ತು, ಆಮೇಲೆ ಎಲ್ಲೋ ಸೊನ್ನೆಯಿಂದ ಭಾಗಿಸಲು ಹೋಗಿ ಬಿದ್ದುಹೋಯಿತು.

ಎರರ್ ಮೆಸೇಜು ಮೆಟ್ಟಿಲಿನ ಹಾಗೆ ಬಲಗಡೆಗೆ ಇಳಿದು ಹೋಗಿತ್ತು. ಏನು ಟೈಪ್ ಮಾಡಿದರೂ ಒಂದಕ್ಷರ ಕಾಣಲ್ಲ. ಎಂಟರ್ ಒತ್ತಿದಷ್ಟೂ ಪ್ರಾಂಪ್ಟ್ (ಮುಂದಿನ ಕಮಾಂಡ್ ಕೊಡು ಅನ್ನೋ ಗುರುತು) ಪಕ್ಕ ಪ್ರಾಂಪ್ಟ್. ಮಷೀನೇ ಹ್ಯಾಂಗ್ ಆಯ್ತು ಅಂತ ಹೆದರಿ ಪವರ್ ಬಟನ್ ಒತ್ತಿ ಹಿಡಿದೆ. ಅದೇ ಮಷೀನಿನ ಇನ್ನೊಂದು ಕನ್ಸೋಲಿನಲ್ಲಿ ಮುಗಿಯುವ ಹಂತಕ್ಕೆ ಬಂದಿದ್ದ ಬ್ಯಾಕಪ್ಪೂ ಜೊತೆಗೇ ಹೋಯಿತು. ಪ್ರಾಂಪ್ಟ್ ಬರ್ತಿದೆ ಅಂದ್ರೆ ಕಮಾಂಡ್ ಓಡಿಸೋ ಶೆಲ್ ಬದುಕಿದೆ ಅಂತ ತಾನೇ? ಆ ಗಾಬರಿಯಲ್ಲಿ ಅದು ಹೊಳೆಯಲೇ ಇಲ್ಲ.

ಸೀನಿಯರ್ ಬಯ್ಯಲಿಲ್ಲ. ಟೆಸ್ಟ್ ಮಷೀನಿನಲ್ಲಿ ಅದೇ ಸ್ಕ್ರಿಪ್ಟ್ ಓಡಿಸಿ ಮತ್ತೆ ಬೀಳಿಸು ಅಂದರು. ಬಿತ್ತು. "ಈಗ ಕಾಣದಿದ್ರೂ ಪರವಾಗಿಲ್ಲ, ನಾನು ಹೇಳಿದ್ದು ಟೈಪ್ ಮಾಡು."

ಮೊದಲು ಕಂಟ್ರೋಲ್ ಸಿ, ಹಿಂದೆ ಸುಮ್ನೆ ಕುಟ್ಟಿದ ಕಸವೆಲ್ಲ ಹೋಗಲಿ ಅಂತ. ಆಮೇಲೆ ಕಂಟ್ರೋಲ್ ಜೆ. ಎಸ್‌ಟಿಟಿವೈ, ಒಂದು ಸ್ಪೇಸ್, ಸೇನ್ (stty sane), ಟರ್ಮಿನಲ್ ಸೆಟ್ಟಿಂಗ್‌ಗಳನ್ನು ಸರಿಮಾಡೋ ಕಮಾಂಡ್ ಅದು. ಮತ್ತೆ ಕಂಟ್ರೋಲ್ ಜೆ. ಅಷ್ಟೇ, ಅಕ್ಷರಗಳು ವಾಪಸ್ ಬಂದವು.

ಟೈಪ್ ಮಾಡಿದ್ದನ್ನು ತೋರಿಸಬೇಕಾ, ಎಂಟರ್ ಅನ್ನು ಹೊಸ ಸಾಲು ಅಂತ ತಿಳಿಯಬೇಕಾ, ಇಂಥ ಸೆಟ್ಟಿಂಗ್‌ಗಳು ಇರೋದು ಪ್ರೋಗ್ರಾಮಿನ ಹತ್ತಿರ ಅಲ್ಲ, ಆ ಟರ್ಮಿನಲ್ ಹೆಸರಿನಲ್ಲಿ ಕರ್ನೆಲ್, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು, ಇಟ್ಟುಕೊಂಡಿರುತ್ತದೆ. ಕರ್ಸಸ್ ಅವನ್ನೆಲ್ಲ ತನಗೆ ಬೇಕಾದ ಹಾಗೆ ಬದಲಿಸಿಕೊಂಡು, ಹೋಗುವಾಗ ಮೊದಲಿನಂತೆ ಇಟ್ಟು ಹೋಗಬೇಕು. ನನ್ನ ಸ್ಕ್ರಿಪ್ಟ್ ಅರ್ಧದಲ್ಲೇ ಬಿತ್ತು, ಬದಲಾದದ್ದು ಹಾಗೇ ಉಳಿಯಿತು. ಕಂಟ್ರೋಲ್ ಜೆ ಯಾಕೆ ಅಂದರೆ, ಆ ಸ್ಥಿತಿಯಲ್ಲಿ ಕೆಲವು ಶೆಲ್‌ಗಳಿಗೆ ಎಂಟರ್ ಕೀ ಅರ್ಥವೇ ಆಗಲ್ಲ, ಕಂಟ್ರೋಲ್ ಜೆ ಮಾತ್ರ ನೇರವಾಗಿ ಹೊಸ ಸಾಲಿನ ಅಕ್ಷರವನ್ನೇ ಕಳಿಸುತ್ತದೆ.

ಬೈನರಿ ಫೈಲನ್ನು (ಓದೋಕೆ ಬರುವ ಪಠ್ಯ ಅಲ್ಲದ್ದು) ಕ್ಯಾಟ್ ಕಮಾಂಡಿನಿಂದ ಸ್ಕ್ರೀನಿಗೆ ಸುರಿದಾಗ ಅಕ್ಷರಗಳೆಲ್ಲ ಗೆರೆ, ಚೌಕ ಆಗಿಬಿಡುತ್ತಲ್ಲ, ಅದು ಬೇರೆ ಕಾಯಿಲೆ. ಫೈಲಿನಲ್ಲಿದ್ದ 14ನೇ ನಂಬರಿನ ಬೈಟ್ ಕನ್ಸೋಲನ್ನು ಗೆರೆ ಎಳೆಯೋ ಅಕ್ಷರಮಾಲೆಗೆ ಬದಲಿಸಿರುತ್ತದೆ. ಅದಕ್ಕೆ ಎಸ್‌ಟಿಟಿವೈ ಸಾಲದು, ರೀಸೆಟ್ ಅಂತ ಕೊಡಬೇಕು. ಸ್ಕ್ರೀನ್ ಅಲುಗಾಡದೆ ನಿಂತಿದ್ದರೆ ಮೊದಲು ಕಂಟ್ರೋಲ್ ಕ್ಯೂ ಒತ್ತಿ ನೋಡಿ, ಗೊತ್ತಿಲ್ಲದೆ ಔಟ್‌ಪುಟ್ ತಡೆಯೋ ಕಂಟ್ರೋಲ್ ಎಸ್ ಒತ್ತಿರುವುದೇ ಜಾಸ್ತಿ. ಕೀಬೋರ್ಡ್ ಇನ್ನೂ ಮಾತು ಕೇಳುತ್ತಿದ್ದರೆ ಕಂಟ್ರೋಲ್ ಆಲ್ಟ್ ಎಫ್2 ಒತ್ತಿದರೆ ಬೇರೆ ಕನ್ಸೋಲ್ ಸಿಗುತ್ತದೆ. ನನ್ನ ಬ್ಯಾಕಪ್ ಓಡುತ್ತಿದ್ದದ್ದೂ ಅಲ್ಲೇ, ನೋಡಿಕೊಂಡು ಬಂದಿದ್ದರೆ ಸಾಕಿತ್ತು.

ಸ್ಕ್ರಿಪ್ಟನ್ನು ಆಮೇಲೆ ಸರಿಮಾಡಿದೆ. ಕರ್ಸಸ್‌ನಲ್ಲೇ ವ್ರಾಪರ್ ಅಂತ ಒಂದು ಫಂಕ್ಷನ್ ಇದೆ, ಎರರ್ ಬಂದರೂ ಟರ್ಮಿನಲನ್ನು ಮೊದಲಿನಂತೆ ಮಾಡಿಯೇ ಹೊರಬರುತ್ತದೆ. ಬ್ಯಾಕಪ್ ಮಾತ್ರ ಅವತ್ತು ರಾತ್ರಿ ಮೊದಲಿಂದ ಓಡಿಸಬೇಕಾಯಿತು, ಮುಗಿಯೋವರೆಗೂ ಅಲ್ಲೇ ಕೂತಿದ್ದೆ.